ಪಿ2ಪಿ ಹಂಚಿಕೆಗೆ ವಿಪಿಎನ್: ಆರಿಸುವುದು, ಕಟ್ಟಿಹಾಕುವುದು, ಪರೀಕ್ಷಿಸುವುದು

ಈಚೆಗೆ ಒಂದು ಭಾನುವಾರ ರಾತ್ರಿ ಹತ್ತೂವರೆಗೆ ಭಾವಮೈದುನನ ಫೋನ್. "ಭಾವ, ವಿಪಿಎನ್ ಆನ್ ಇದೆ. ಬ್ರೌಸರ್‌ನಲ್ಲಿ ನೋಡಿದ್ರೆ ನೆದರ್ಲೆಂಡ್ಸ್ ಅಂತಿದೆ. ಟೊರೆಂಟ್‌ನಲ್ಲಿ ಮಾತ್ರ ನಮ್ಮ ಮನೆ ಐಪಿನೇ ಕಾಣ್ತಿದೆಯಲ್ಲ, ಯಾಕೆ?" ವಿಚಾರಿಸಿದರೆ ಅವನು ಹಾಕಿಕೊಂಡಿದ್ದು ಬರೀ ಬ್ರೌಸರ್ ಎಕ್ಸ್‌ಟೆನ್ಶನ್. ಎರಡು ವರ್ಷದ ಪ್ಲ್ಯಾನಿಗೆ ದುಡ್ಡೂ ಕಟ್ಟಿ ಆಗಿತ್ತು. (ಹೊಸಬರಿಗೆ: ಪಿ2ಪಿ ಅಂದರೆ ಜನರ ಕಂಪ್ಯೂಟರ್‌ಗಳು ನೇರವಾಗಿ ಒಂದಕ್ಕೊಂದು ಫೈಲ್ ಕೊಡುವುದು, ಟೊರೆಂಟ್ ಅದರ ಒಂದು ಬಗೆ. ಐಪಿ ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ವಿಳಾಸ. ವಿಪಿಎನ್ ಅಂದರೆ ನಿಮ್ಮ ಓಡಾಟವನ್ನು ಬೇರೊಂದು ಸರ್ವರ್ ಮೂಲಕ ಕಳಿಸುವ ಸೇವೆ.)

ಇಂಥ ಫೋನ್ ಈ ತಿಂಗಳಲ್ಲಿ ಇದು ಮೂರನೆಯದು. ಒಬ್ಬೊಬ್ಬರ ತಪ್ಪು ಒಂದೊಂದು ಥರ, ಆದರೆ ಬೇರು ಒಂದೇ. ಜಾಹೀರಾತು ನೋಡಿ ಮೊದಲು ಕಂಪನಿ ಆರಿಸುತ್ತಾರೆ, ದುಡ್ಡು ಕಟ್ಟುತ್ತಾರೆ, ಆಮೇಲೆ ಟೊರೆಂಟ್ ತೆರೆಯುತ್ತಾರೆ. ಇಲ್ಲಿ ಕ್ರಮವನ್ನು ತಿರುಗಿಸಿ ಬರೆದಿದ್ದೇನೆ. ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ನಡುವೆ ಒಂದನ್ನು ಹಾರಿದರೆ ಮುಂದಿನ ಹಂತದ ಫಲಿತಾಂಶಕ್ಕೆ ಅರ್ಥ ಇರುವುದಿಲ್ಲ.

## ಮೊದಲು ಇವೆಲ್ಲ ಕೈಗೆ ಸಿಗುವಂತೆ ಇರಲಿ

ಅಡ್ಮಿನ್ ಅನುಮತಿ ಇರುವ ನಿಮ್ಮ ಸ್ವಂತ ಕಂಪ್ಯೂಟರ್. ಆಫೀಸಿನ ಲ್ಯಾಪ್‌ಟಾಪ್ ಬೇಡವೇ ಬೇಡ. ಅದರಲ್ಲಿ ಏನೇನು ನಡೆಯುತ್ತಿದೆ ಅಂತ ಆಫೀಸಿನ ಐಟಿಯವರಿಗೆ ಕಾಣುತ್ತದೆ, ವಿಪಿಎನ್ ಇದ್ದರೂ ಅಷ್ಟೆ.

ಟೊರೆಂಟ್ ಕ್ಲೈಂಟ್ (ಟೊರೆಂಟ್ ಇಳಿಸುವ ಪ್ರೋಗ್ರಾಂ) ಆಗಿ ಕ್ಯೂಬಿಟ್‌ಟೊರೆಂಟ್. ಉಚಿತ, ಓಪನ್ ಸೋರ್ಸ್, ಜಾಹೀರಾತು ಇಲ್ಲ. ಅದಕ್ಕಿಂತ ಮುಖ್ಯವಾಗಿ, ಹಂತ 7ರಲ್ಲಿ ಬೇಕಾಗುವ ಒಂದು ಸೆಟ್ಟಿಂಗ್ ಇದರಲ್ಲಿದೆ. ಎಲ್ಲ ಕ್ಲೈಂಟ್‌ಗಳಲ್ಲೂ ಅದು ಇರುವುದಿಲ್ಲ.

ರೂಟರ್‌ನ ಲಾಗಿನ್ ಪಾಸ್‌ವರ್ಡ್ (ಸಾಮಾನ್ಯವಾಗಿ ಅದರ ಬೆನ್ನಿಗೆ ಅಂಟಿಸಿರುತ್ತಾರೆ), ವಿದೇಶಿ ಪಾವತಿ ಮಾಡಬಲ್ಲ ಕಾರ್ಡ್, ಒಂದು ಚೀಟಿ, ಒಂದು ಪೆನ್ನು. ಪರೀಕ್ಷೆಗೆ ಡೆಬಿಯನ್ ಅಥವಾ ಉಬುಂಟುವಿನ (ಎರಡೂ ಉಚಿತ ಲಿನಕ್ಸ್ ವ್ಯವಸ್ಥೆಗಳು) ಅಧಿಕೃತ ಟೊರೆಂಟ್. ಇವಕ್ಕೆ ಸೀಡರ್‌ಗಳು (ಪೂರ್ತಿ ಫೈಲ್ ಇಟ್ಟುಕೊಂಡು ಬೇರೆಯವರಿಗೆ ಕೊಡುವವರು) ಧಾರಾಳ. ಹಾಗಾಗಿ ವೇಗ ಬರದಿದ್ದರೆ ದೋಷ ನಿಮ್ಮ ಕಡೆಯದ್ದೇ ಅಂತ ಹೇಳಬಹುದು. ಒಂದೂವರೆ ಗಂಟೆ ಬಿಡುವು ಮಾಡಿಕೊಂಡು ಕೂರಿ.

## 1. ನಿಮಗೆ ವಿಪಿಎನ್ ನಿಜಕ್ಕೂ ಬೇಕಾ?

ಟೊರೆಂಟ್ ನಡೆಯುವುದೇ ಒಬ್ಬರ ಐಪಿ ಇನ್ನೊಬ್ಬರಿಗೆ ಗೊತ್ತಾಗುವುದರಿಂದ. ನೀವು ಒಂದು ಫೈಲ್ ಇಳಿಸುವಾಗ ಅದೇ ಫೈಲಿನ ಗುಂಪಿನಲ್ಲಿರುವ ಯಾರು ಬೇಕಾದರೂ ಪೀರ್ಸ್ ಪಟ್ಟಿ ತೆರೆದು ನಿಮ್ಮ ಐಪಿ ನೋಡಬಹುದು. ವಿಪಿಎನ್ ಇದ್ದರೆ ಅಲ್ಲಿ ನಿಮ್ಮ ಮನೆಯ ಐಪಿ ಬದಲು ವಿಪಿಎನ್ ಸರ್ವರ್‌ನದ್ದು ಕಾಣುತ್ತದೆ. ನಿಮ್ಮ ಇಂಟರ್ನೆಟ್ ಕಂಪನಿಗೆ ಟೊರೆಂಟ್ ಅಂತ ಗೊತ್ತಾಗುವುದಿಲ್ಲ, ಎನ್‌ಕ್ರಿಪ್ಟ್ ಆದ (ಹೊರಗಿನವರು ಓದಲಾಗದ) ಒಂದು ಹರಿವು ಮಾತ್ರ ಕಾಣುತ್ತದೆ. ವಿಪಿಎನ್ ಮಾಡುವ ಕೆಲಸ ಇಷ್ಟೇ. ವೈರಸ್ ತಡೆಯುವುದಿಲ್ಲ, ಕೆಟ್ಟ ಫೈಲನ್ನು ಒಳ್ಳೆಯದು ಮಾಡುವುದಿಲ್ಲ.

ನಿಮ್ಮ ಅಗತ್ಯ ಬೇರೆ ಇರಬಹುದು. ಮ್ಯೂನಿಕ್‌ನಲ್ಲಿರುವ ಅಕ್ಕನಿಗೆ 60 ಜಿಬಿ ಮದುವೆ ವಿಡಿಯೋ ಕಳಿಸಬೇಕು, ಊರಿನ ಯಕ್ಷಗಾನ ಮೇಳದ ನಿಮ್ಮದೇ ರೆಕಾರ್ಡಿಂಗ್‌ಗಳನ್ನು ನಾಲ್ಕು ಜನ ಗೆಳೆಯರ ಜೊತೆ ಹಂಚಿಕೊಳ್ಳಬೇಕು ಅನ್ನುವುದಾದರೆ ವಿಪಿಎನ್‌ಗೆ ದುಡ್ಡು ಹಾಕಬೇಡಿ. ಸಿಂಕ್‌ಥಿಂಗ್ ಅನ್ನುವ ಪ್ರೋಗ್ರಾಂ ಹಾಕಿಕೊಳ್ಳಿ. ಅದೂ ಪಿ2ಪಿಯೇ, ಆದರೆ ನೀವು ಒಪ್ಪಿದ ಯಂತ್ರಗಳ ನಡುವೆ ಮಾತ್ರ, ಅದೂ ಎನ್‌ಕ್ರಿಪ್ಟ್ ಆಗಿ. ನನಗೆ ಬರುವ ಫೋನ್‌ಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ.

ಇನ್ನೊಂದನ್ನು ಈಗಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ವಿಪಿಎನ್ ಬಳಸುವುದು ಅಪರಾಧವಲ್ಲ. ಜಮ್ಮು-ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಜಿಲ್ಲಾಡಳಿತ ತಾತ್ಕಾಲಿಕವಾಗಿ ನಿಷೇಧಿಸಿದ್ದುಂಟು, ಅಲ್ಲಿಗೆ ಹೋಗುವವರು ವಿಚಾರಿಸಿಕೊಳ್ಳಿ. ಆದರೆ ವಿಪಿಎನ್ ಹಾಕಿದ ಮಾತ್ರಕ್ಕೆ ಪೈರಸಿ ಸಕ್ರಮ ಆಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ ಇದೆ. ಓದಲು ಜರ್ಮನಿಗೆ ಹೋಗುವ ನಮ್ಮ ಹುಡುಗರಂತೂ ಇಲ್ಲಿಯ ಅಭ್ಯಾಸವನ್ನು ವಿಮಾನ ಹತ್ತಿಸಿಕೊಂಡು ಹೋಗಬೇಡಿ. ಅಲ್ಲಿ ಒಂದು ಸಿನಿಮಾ ಟೊರೆಂಟ್‌ನಲ್ಲಿ ಇಳಿಸಿದರೆ ಹಕ್ಕುದಾರರ ವಕೀಲರಿಂದ ಆಬ್‌ಮಾನುಂಗ್ ಅನ್ನುವ ನೋಟಿಸ್ ಮನೆಗೇ ಬರುತ್ತದೆ. ಕೇಳುವ ಮೊತ್ತ ನೂರಾರು ಯೂರೋ. ಮುಂದೆ ಬರೆದಿದ್ದೆಲ್ಲ ಲಿನಕ್ಸ್ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್), ಓಪನ್‌ಸ್ಟ್ರೀಟ್‌ಮ್ಯಾಪ್‌ನ ಭೂಪಟ ಫೈಲ್, ಕಿವಿಕ್ಸ್‌ನ ಆಫ್‌ಲೈನ್ ವಿಕಿಪೀಡಿಯ, ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಕ್ಕು ಮುಗಿದ ಹಳೇ ಪುಸ್ತಕಗಳು, ಇಂಥವನ್ನು ಇಳಿಸಿ ಸೀಡ್ ಮಾಡುವವರಿಗೆ.

## 2. ವಿಪಿಎನ್ ಇಲ್ಲದಾಗಿನ ಲೆಕ್ಕ ಬರೆದಿಡಿ

ಇದನ್ನು ಯಾರೂ ಮಾಡುವುದಿಲ್ಲ. ಮಾಡದಿದ್ದರೆ ಆಮೇಲೆ "ಸ್ಲೋ ಆಯ್ತು" ಅನ್ನುವುದಕ್ಕೆ ಆಧಾರವೇ ಇರುವುದಿಲ್ಲ. ಚೀಟಿಯಲ್ಲಿ ನಾಲ್ಕು ಸಾಲು ಬರೆಯಿರಿ.

ಮೊದಲನೆಯದು ವೇಗ. ಸಾಧ್ಯವಾದರೆ ಕೇಬಲ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿ. ಡೌನ್‌ಲೋಡ್, ಅಪ್‌ಲೋಡ್ ಎರಡನ್ನೂ ಬರೆದುಕೊಳ್ಳಿ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್, 100 ಮೆಗಾಬೈಟ್ ಅಲ್ಲ. ಟೊರೆಂಟ್ ಕ್ಲೈಂಟ್ ತೋರಿಸುವುದು ಮೆಗಾಬೈಟ್ ಲೆಕ್ಕ. "ನೂರರ ಪ್ಲ್ಯಾನ್, ಹನ್ನೊಂದೇ ಬರ್ತಿದೆ" ಅಂತ ಕಂಪನಿಯವರ ಜೊತೆ ಜಗಳಕ್ಕೆ ಹೊರಟವರನ್ನು ನಾನೇ ತಡೆದಿದ್ದೇನೆ.

ಎರಡನೆಯದು ನಿಮ್ಮ ಸಾರ್ವಜನಿಕ ಐಪಿ. ಐಪಿಲೀಕ್ ಡಾಟ್ ನೆಟ್ ತೆರೆದರೆ ಕಾಣುತ್ತದೆ. ಐಪಿವಿ4 (ಹಳೇ ಬಗೆಯ ವಿಳಾಸ) ಒಂದು, ಐಪಿವಿ6 (ಹೊಸ ಬಗೆಯ ಉದ್ದನೆಯದು) ಇದ್ದರೆ ಅದೂ ಒಂದು. ಎರಡನ್ನೂ ಬರೆದುಕೊಳ್ಳಿ. ನಮ್ಮಲ್ಲಿ ಜಿಯೋದಂಥ ದೊಡ್ಡ ಸಂಪರ್ಕಗಳು ಐಪಿವಿ6 ಕೊಡುತ್ತವೆ. ವಿಪಿಎನ್ ಇದ್ದೂ ಮನೆ ಐಪಿ ಹೊರಗೆ ಸೋರಿಕೆ ಆಗುವುದು ಜಾಸ್ತಿ ಈ ಬಾಗಿಲಿನಿಂದಲೇ.

ಮೂರನೆಯದು ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ). ರೂಟರ್‌ಗೆ ಲಾಗಿನ್ ಆಗಿ ಸ್ಟೇಟಸ್ ಪುಟ ನೋಡಿ. ಅದು 100.64ರಿಂದ 100.127ರ ನಡುವಿನ ಅಂಕಿಯಿಂದ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಸಾರ್ವಜನಿಕ ಐಪಿಯನ್ನು ನಿಮ್ಮ ಜೊತೆ ಇನ್ನೆಷ್ಟೋ ಮನೆಗಳು ಹಂಚಿಕೊಂಡಿವೆ. ಹಂತ 5ರಲ್ಲಿ ಇದು ಬೇಕು.

ನಾಲ್ಕನೆಯದು ಡೇಟಾ ಮಿತಿ. "ಅನ್‌ಲಿಮಿಟೆಡ್" ಅಂದರೂ ಹಲವು ಫೈಬರ್ ಪ್ಲ್ಯಾನ್‌ಗಳಲ್ಲಿ ತಿಂಗಳಿಗೆ 3,300 ಜಿಬಿ ಮಿತಿ ಇರುತ್ತದೆ. ಸೀಡಿಂಗ್ ಮಾಡುವ ಅಪ್‌ಲೋಡ್ ಕೂಡ ಸಾಮಾನ್ಯವಾಗಿ ಇದೇ ಲೆಕ್ಕಕ್ಕೆ ಸೇರುತ್ತದೆ. ವಿಪಿಎನ್ ಹಾಕಿದರೆ ಮಿತಿ ತಪ್ಪುವುದಿಲ್ಲ, ಬಳಕೆ ಒಂಚೂರು ಜಾಸ್ತಿಯೇ ಆಗುತ್ತದೆ.

## 3. ಕಾಗದದ ಮೇಲೆಯೇ ಅರ್ಧ ಕಂಪನಿಗಳನ್ನು ಕೈಬಿಡಿ

ಉಚಿತ ವಿಪಿಎನ್‌ಗಳನ್ನು ಮೊದಲು ತೆಗೆಯಿರಿ. ಸರ್ವರ್‌ಗೂ ಬ್ಯಾಂಡ್‌ವಿಡ್ತ್‌ಗೂ ಯಾರಾದರೂ ದುಡ್ಡು ಕೊಡಲೇಬೇಕಲ್ವಾ? ಹೋಲಾ ಅನ್ನುವ ಉಚಿತ ಸೇವೆ ತನ್ನ ಬಳಕೆದಾರರ ಸಂಪರ್ಕವನ್ನೇ ಬೇರೆಯವರಿಗೆ ಮಾರುತ್ತಿತ್ತು ಅಂತ 2015ರಲ್ಲಿ ಬಯಲಾಯಿತು. ನಿಮ್ಮ ಐಪಿಯಲ್ಲಿ ಇನ್ಯಾರೋ ಓಡಾಡುತ್ತಿರುತ್ತಾರೆ. "ಲಾಗ್ (ಬಳಕೆಯ ದಾಖಲೆ) ಇಡುವುದಿಲ್ಲ" ಅಂತ ಹೇಳಿಕೊಂಡಿದ್ದ ಯುಎಫ್ಒ ವಿಪಿಎನ್‌ನ ಲಾಗ್‌ಗಳು 2020ರಲ್ಲಿ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್‌ನಲ್ಲಿ ಬಿದ್ದಿದ್ದವು. ನಂಬಿಕಸ್ಥರ ಉಚಿತ ಪ್ಲ್ಯಾನ್ ಇದ್ದರೂ ಪಿ2ಪಿಗೆ ಅನುಮತಿ ಇರುವುದು ಅಪರೂಪ. ಪ್ರೋಟಾನ್ ವಿಪಿಎನ್‌ನ ಉಚಿತ ಪ್ಲ್ಯಾನಿನಲ್ಲೂ ಇಲ್ಲ.

ಬ್ರೌಸರ್ ಎಕ್ಸ್‌ಟೆನ್ಶನ್, ಬ್ರೌಸರ್‌ನೊಳಗೇ ಬರುವ "ವಿಪಿಎನ್" ಎರಡೂ ಲೆಕ್ಕಕ್ಕಿಲ್ಲ. ಬ್ರೌಸರ್‌ನ ಓಡಾಟ ಮಾತ್ರ ಅದರೊಳಗೆ ಹೋಗುತ್ತದೆ, ಟೊರೆಂಟ್ ಕ್ಲೈಂಟ್ ಪಕ್ಕದ ಬಾಗಿಲಿನಿಂದ ಹೊರಗೆ. ಭಾವಮೈದುನ ಬಿದ್ದ ಹಳ್ಳ ಇದೇ.

ಆಮೇಲೆ ಕಂಪನಿಯ ಸೇವಾ ನಿಯಮಗಳ ಪುಟ ತೆರೆದು, ಅದರಲ್ಲಿ ಟೊರೆಂಟ್, ಪಿ2ಪಿ ಅನ್ನುವ ಪದಗಳನ್ನು ಹುಡುಕಿ. ಜಾಹೀರಾತು ಪುಟ ಬೇರೆ, ನಿಯಮದ ಪುಟ ಬೇರೆ. ನಾನು ಒಮ್ಮೆ ಜಾಹೀರಾತಿನ "ಪಿ2ಪಿಗೆ ಸ್ವಾಗತ" ನೋಡಿ ವರ್ಷಕ್ಕೆ ಕಟ್ಟಿದ್ದೆ. ನಿಯಮಗಳಲ್ಲಿ "ನ್ಯಾಯಯುತ ಬಳಕೆ ಮೀರಿದರೆ ವೇಗ ಇಳಿಸುವ ಹಕ್ಕು ನಮ್ಮದು" ಅಂತ ಇತ್ತು. ಎರಡನೇ ವಾರದಿಂದ ಆಮೆ ನಡಿಗೆ. ತಪ್ಪು ಅವರದ್ದೂ ಹೌದು, ಓದದ ನನ್ನದೂ ಹೌದು. ಪಿ2ಪಿ ಎಲ್ಲ ಸರ್ವರ್‌ಗಳಲ್ಲೂ ಇದೆಯೋ, ಕೆಲವೇ ಸರ್ವರ್‌ಗಳಲ್ಲೋ ಅನ್ನುವುದನ್ನೂ ನೋಡಿ. ಕೆಲವೇ ಇದ್ದರೆ ತೊಂದರೆಯಿಲ್ಲ, ಸಿಂಗಪುರದಂಥ ಹತ್ತಿರದ ಜಾಗದಲ್ಲಿ ಒಂದಾದರೂ ಇರಬೇಕು.

ರಿವ್ಯೂ ಸೈಟ್‌ಗಳ "ಟಾಪ್ 10" ಪಟ್ಟಿಯನ್ನು ಹತ್ತು ಜಾಹೀರಾತು ಅಂದುಕೊಂಡೇ ಓದಿ. ಎಕ್ಸ್‌ಪ್ರೆಸ್‌ವಿಪಿಎನ್, ಸೈಬರ್‌ಘೋಸ್ಟ್, ಪ್ರೈವೇಟ್ ಇಂಟರ್ನೆಟ್ ಆಕ್ಸೆಸ್ ಮೂರಕ್ಕೂ ಒಬ್ಬನೇ ಮಾಲೀಕ, ಕೇಪ್ ಟೆಕ್ನಾಲಜೀಸ್. ಅದೇ ಕಂಪನಿ 2021ರಲ್ಲಿ ವಿಪಿಎನ್‌ಮೆಂಟರ್ ಅನ್ನುವ ರಿವ್ಯೂ ಸೈಟ್ ನಡೆಸುವ ಸಂಸ್ಥೆಯನ್ನೂ ಕೊಂಡುಕೊಂಡಿತು. ನಾರ್ಡ್, ಸರ್ಫ್‌ಶಾರ್ಕ್ ಎರಡೂ 2022ರಲ್ಲಿ ಒಂದೇ ಮನೆತನಕ್ಕೆ ಸೇರಿದವು. ಇದರಿಂದ ಅವೆಲ್ಲ ಕೆಟ್ಟವು ಅಂತ ಆಗುವುದಿಲ್ಲ. ಹೊಗಳಿದವರು ಯಾರು ಅಂತ ಗೊತ್ತಿರಲಿ, ಅಷ್ಟೆ.

## 4. "ಲಾಗ್ ಇಡುವುದಿಲ್ಲ" ಅನ್ನುವ ಮಾತನ್ನು ತೂಗಿ ನೋಡಿ

ಈ ಮಾತನ್ನು ಎಲ್ಲರೂ ಹೇಳುತ್ತಾರೆ. ಪ್ಯೂರ್‌ವಿಪಿಎನ್ ಕೂಡ ಹೇಳಿತ್ತು, 2017ರಲ್ಲಿ ಅಮೆರಿಕದ ಎಫ್‌ಬಿಐ ಒಂದು ಪ್ರಕರಣದಲ್ಲಿ ಅವರದ್ದೇ ದಾಖಲೆಯಿಂದ ಆರೋಪಿಯನ್ನು ಗುರುತಿಸಿತು. ಹಾಗಾಗಿ ಮಾತಿಗಿಂತ ನಡೆದದ್ದನ್ನು ನೋಡುವುದು ಮೇಲು. 2023ರ ಏಪ್ರಿಲ್‌ನಲ್ಲಿ ಸ್ವೀಡನ್ ಪೊಲೀಸರು ಸರ್ಚ್ ವಾರಂಟ್ ಹಿಡಿದು ಮುಲ್‌ವಾಡ್ ಅನ್ನುವ ವಿಪಿಎನ್ ಕಂಪನಿಯ ಕಚೇರಿಗೆ ಹೋದರು, ಬಳಕೆದಾರರ ಮಾಹಿತಿ ಇಲ್ಲದ್ದರಿಂದ ಬರಿಗೈಯಲ್ಲಿ ಹಿಂತಿರುಗಿದರು. ಪ್ರೈವೇಟ್ ಇಂಟರ್ನೆಟ್ ಆಕ್ಸೆಸ್‌ನ ಮಾತು ಅಮೆರಿಕದ ಕೋರ್ಟುಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆಗೆ ಬಂದಿದೆ, ಕೊಡಲು ಅವರ ಬಳಿ ಲಾಗ್ ಇರಲಿಲ್ಲ. ಇಂಥ ಒಂದು ಘಟನೆ ಹತ್ತು ಜಾಹೀರಾತಿಗಿಂತ ತೂಕದ್ದು. ಅದರ ನಂತರದ ಸ್ಥಾನ ಹೊರಗಿನ ಸಂಸ್ಥೆ ಮಾಡಿದ ಆಡಿಟ್‌ಗೆ. ಆಡಿಟ್ ಯಾವ ವರ್ಷದ್ದು, ವರದಿ ಓದಲು ಸಿಗುತ್ತದಾ ಅಂತ ನೋಡಿ.

ನಮಗೆ ವಿಶೇಷವಾಗಿ ತಟ್ಟುವ ವಿಷಯ ಇನ್ನೊಂದಿದೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ಹೊರಡಿಸಿದ ಆದೇಶದ ಪ್ರಕಾರ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಫೋನ್, ಕೊಟ್ಟ ಐಪಿ, ಬಳಕೆಯ ಉದ್ದೇಶ ಇವನ್ನೆಲ್ಲ ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕು. ಇದಾದ ಮೇಲೆ ಎಕ್ಸ್‌ಪ್ರೆಸ್, ನಾರ್ಡ್, ಸರ್ಫ್‌ಶಾರ್ಕ್, ಪ್ರೋಟಾನ್ ಎಲ್ಲ ಭಾರತದೊಳಗಿನ ಸರ್ವರ್‌ಗಳನ್ನು ತೆಗೆದವು. ಈಗ ಪಟ್ಟಿಯಲ್ಲಿ "ಇಂಡಿಯಾ" ಅಂತ ಕಂಡರೆ ಅದು ಬಹುತೇಕ ಸಿಂಗಪುರದಲ್ಲೋ ಇನ್ನೆಲ್ಲೋ ಕೂತು ಭಾರತದ ಐಪಿ ಕೊಡುವ ಯಂತ್ರ. ಕಂಪನಿಯೊಂದು "ನಮ್ಮ ಸರ್ವರ್ ಮುಂಬೈನಲ್ಲೇ ಇದೆ, ಲಾಗ್ ಮಾತ್ರ ಇಡುವುದಿಲ್ಲ" ಅಂದರೆ ಎರಡರಲ್ಲಿ ಯಾವುದು ಸುಳ್ಳು ಅಂತ ಅವರನ್ನೇ ಕೇಳಿ.

"14 ಕಣ್ಣುಗಳ ಒಕ್ಕೂಟದ (ಗುಪ್ತಚರ ಮಾಹಿತಿ ಹಂಚಿಕೊಳ್ಳುವ 14 ದೇಶಗಳ) ದೇಶ ಬೇಡ" ಅನ್ನುವ ಸಲಹೆಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಈಗ ಹೇಳಿದ ಸ್ವೀಡನ್ನೂ ಆ ಪಟ್ಟಿಯಲ್ಲೇ ಇದೆ. ಇಟ್ಟುಕೊಂಡಿಲ್ಲದ್ದನ್ನು ಯಾವ ದೇಶದವರೂ ಕೊಡಲಾಗುವುದಿಲ್ಲ.

## 5. ಪೋರ್ಟ್ ಫಾರ್ವರ್ಡಿಂಗ್: ಬೇಕೋ ಬೇಡವೋ ಈಗಲೇ ತೀರ್ಮಾನಿಸಿ

"ಡೌನ್‌ಲೋಡ್ ಬರ್ತಿದೆ, ಅಪ್‌ಲೋಡ್ ಸೊನ್ನೆ" ಅನ್ನುವ ದೂರಿಗೆ ಸಾಮಾನ್ಯ ಕಾರಣ ಇಲ್ಲಿದೆ.

ವಿಪಿಎನ್ ಸರ್ವರ್ ಸಾಮಾನ್ಯವಾಗಿ ಒಳಗಿನಿಂದ ಹೊರಗೆ ಹೋಗಲು ಬಿಡುತ್ತದೆ, ಹೊರಗಿನಿಂದ ತಾನಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ನಿಮ್ಮದೂ ಮುಚ್ಚಿದ ಬಾಗಿಲು, ಆ ಕಡೆಯವರದ್ದೂ ಮುಚ್ಚಿದ ಬಾಗಿಲು. ಇಬ್ಬರೂ ಒಳಗೆ ಕೂತು "ನೀನೇ ಬಾ" ಅಂದರೆ ಭೇಟಿ ಆಗುವುದೆಲ್ಲಿ? ಒಬ್ಬರ ಬಾಗಿಲಾದರೂ ತೆರೆದಿರಬೇಕು. ಪೋರ್ಟ್ ಫಾರ್ವರ್ಡಿಂಗ್ ಅಂದರೆ ವಿಪಿಎನ್ ಸರ್ವರ್‌ನಲ್ಲಿ ಒಂದು ಬಾಗಿಲನ್ನು ನಿಮ್ಮ ಹೆಸರಿಗೆ ತೆರೆದಿಡುವುದು.

ಸೀಡರ್ ಸಾವಿರಾರು ಇರುವ ಉಬುಂಟು ಟೊರೆಂಟ್ ಮಾತ್ರ ಇಳಿಸುವವರಿಗೆ ಇದು ಇಲ್ಲದಿದ್ದರೂ ನಡೆಯುತ್ತದೆ. ಇಬ್ಬರೋ ಮೂವರೋ ಸೀಡರ್ ಇರುವ ಹಳೇ ಸಂಗ್ರಹ ಇಳಿಸುವವರಿಗೆ, ನೀವೇ ಮೊದಲ ಸೀಡರ್ ಆಗುವವರಿಗೆ ಬೇಕೇಬೇಕು. "ಮನೆ ರೂಟರ್‌ನಲ್ಲಿ ಪೋರ್ಟ್ ತೆರೆದಿದ್ದೀನಿ, ಸಾಕಲ್ಲ?" ಅಂತ ಕೇಳುತ್ತಾರೆ. ಸಾಲದು. ವಿಪಿಎನ್ ಸುರಂಗದೊಳಗೆ ಇರುವಾಗ ಮನೆ ರೂಟರ್‌ನ ಪೋರ್ಟ್‌ಗೆ ಕೆಲಸವೇ ಇಲ್ಲ. ಸಿಜಿನ್ಯಾಟ್ ಹಿಂದೆ ಇರುವವರಿಗಂತೂ ವಿಪಿಎನ್ ಇಲ್ಲದೆಯೂ ಅದು ಕೆಲಸ ಮಾಡುವುದಿಲ್ಲ. ವಿಚಿತ್ರ ಅಂದರೆ, ಅಂಥವರಿಗೆ ಪೋರ್ಟ್ ಕೊಡುವ ವಿಪಿಎನ್ ಹಾಕಿದ ಮೇಲೇ ಸೀಡಿಂಗ್ ಸರಿಯಾಗಿ ಶುರುವಾಗುತ್ತದೆ.

ಇದನ್ನು ಬರೆಯುವಾಗ ಪ್ರೋಟಾನ್‌ನ ಹಣ ಕಟ್ಟುವ ಪ್ಲ್ಯಾನ್, ಏರ್‌ವಿಪಿಎನ್, ಪ್ರೈವೇಟ್ ಇಂಟರ್ನೆಟ್ ಆಕ್ಸೆಸ್ ಈ ಸೌಲಭ್ಯ ಕೊಡುತ್ತವೆ. ಕೊನೆಯದರಲ್ಲಿ ಅಮೆರಿಕದ ಸರ್ವರ್‌ಗಳಲ್ಲಿ ಇಲ್ಲ. ಮುಲ್‌ವಾಡ್, ಐವಿಪಿಎನ್ ಎರಡೂ ದುರ್ಬಳಕೆಯ ಕಾರಣ ಕೊಟ್ಟು 2023ರಲ್ಲಿ ನಿಲ್ಲಿಸಿದವು. ನಾರ್ಡ್, ಸರ್ಫ್‌ಶಾರ್ಕ್‌ಗಳಲ್ಲಿ ಇಲ್ಲ. ಇಂಥ ಸೌಲಭ್ಯ ಬರುತ್ತದೆ, ಹೋಗುತ್ತದೆ. ಕಟ್ಟುವ ದಿನ ಅವರ ಸಹಾಯ ಪುಟದಲ್ಲಿ ಇನ್ನೊಮ್ಮೆ ನೋಡಿ. ಉದ್ದದ ಪ್ಲ್ಯಾನ್ ಬೇಡ ಅಂತ ನಾನು ಹಠ ಹಿಡಿಯುವುದೂ ಇದಕ್ಕೇ.

ಇಷ್ಟರಲ್ಲಿ ಚೀಟಿಯಲ್ಲಿ ಎರಡೇ ಎರಡು ಹೆಸರು ಉಳಿದಿರಬೇಕು.

## 6. ಒಂದೇ ತಿಂಗಳಿಗೆ ಕಟ್ಟಿ

"ತಿಂಗಳಿಗೆ 2 ಡಾಲರ್" ಅಂತ ದೊಡ್ಡದಾಗಿ ಬರೆದಿರುತ್ತಾರೆ. ಕಾರ್ಡ್‌ನಿಂದ ಹೋಗುವುದು ಎರಡು ವರ್ಷದ್ದೂ ಒಟ್ಟಿಗೆ. ಮುಂದಿನ ಸಲ ತಾನಾಗಿ ನವೀಕರಣ ಆಗುವಾಗ ದರ ಅದಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ. ತಿಂಗಳ ಪ್ಲ್ಯಾನ್ ದುಬಾರಿ ಅನಿಸುತ್ತದೆ, ಹೌದು. ಆದರೂ ಅದನ್ನೇ ತೆಗೆದುಕೊಳ್ಳಿ. ಮುಲ್‌ವಾಡ್ ಮಾತ್ರ ಒಂದು ತಿಂಗಳಿಗಾದರೂ ವರ್ಷಕ್ಕಾದರೂ ತಿಂಗಳಿಗೆ 5 ಯೂರೋ ಲೆಕ್ಕದಲ್ಲೇ ತೆಗೆದುಕೊಳ್ಳುತ್ತದೆ.

ಕಾರ್ಡ್ ಡಿಕ್ಲೈನ್ ಆದರೆ ಗಾಬರಿ ಬೇಡ. ನಮ್ಮ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಬಂದ್ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ 'ಇಂಟರ್‌ನ್ಯಾಶನಲ್' ಆನ್ ಮಾಡಿ, ಮಿತಿಯನ್ನು 1,500 ರೂಪಾಯಿಗೆ ಇಟ್ಟು, ಪಾವತಿ ಆದ ತಕ್ಷಣ ಮತ್ತೆ ಆಫ್ ಮಾಡಿ. ನಾನು ಮಾಡುವುದು ಹೀಗೇ. ಬೆಲೆಯ ಮೇಲೆ 18% ಜಿಎಸ್‌ಟಿ, ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಸೇರಬಹುದು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಂಪನಿಯ ಸ್ವಂತ ಸೈಟಿನಲ್ಲೇ ಕಟ್ಟಿ. ಆ್ಯಪ್ ಸ್ಟೋರ್ ಮೂಲಕ ಕಟ್ಟಿದರೆ ರೀಫಂಡ್‌ಗೆ ವಿಪಿಎನ್ ಕಂಪನಿ ಕೈ ಎತ್ತುತ್ತದೆ, ಸ್ಟೋರ್‌ನವರನ್ನು ಕೇಳಬೇಕಾಗುತ್ತದೆ. ಕಟ್ಟಿದ ಐದು ನಿಮಿಷದಲ್ಲಿ ಎರಡು ಕೆಲಸ: ಆಟೋ ರಿನ್ಯೂವಲ್ ಆಫ್ ಮಾಡುವುದು, ರೀಫಂಡ್ ಅವಧಿ ಮುಗಿಯುವ ಮೂರು ದಿನ ಮೊದಲಿಗೆ ಫೋನಿನಲ್ಲಿ ರಿಮೈಂಡರ್ ಇಡುವುದು. ಕೆಲವರದ್ದು 30 ದಿನ, ಕೆಲವರದ್ದು 14.

ಆ್ಯಪ್ ಅನ್ನೂ ಅವರ ಸೈಟಿನಿಂದಲೇ ಇಳಿಸಿಕೊಂಡಿಡಿ. 2025ರ ಜನವರಿಯಲ್ಲಿ ಸರ್ಕಾರದ ಆದೇಶದ ಮೇಲೆ ಹಲವು ವಿಪಿಎನ್ ಆ್ಯಪ್‌ಗಳು ಭಾರತದ ಆ್ಯಪ್ ಸ್ಟೋರ್‌ಗಳಿಂದ ಮಾಯವಾದವು. ವೈರ್‌ಗಾರ್ಡ್ (ವಿಪಿಎನ್ ಸಂಪರ್ಕದ ಒಂದು ವಿಧಾನ, ಅಂದರೆ ಪ್ರೋಟೋಕಾಲ್) ಕಾನ್ಫಿಗ್ ಫೈಲ್ ಕೊಡುವ ಕಂಪನಿ ಆದರೆ ಆ್ಯಪ್ ಹೋದರೂ ಕೆಲಸ ನಿಲ್ಲುವುದಿಲ್ಲ.

## 7. ಟೊರೆಂಟ್ ಕ್ಲೈಂಟನ್ನು ವಿಪಿಎನ್‌ಗೆ ಕಟ್ಟಿಹಾಕಿ

ಇಡೀ ಬರಹದಲ್ಲಿ ಒಂದೇ ಹಂತ ಮಾಡುತ್ತೀನಿ ಅಂದರೆ ಇದನ್ನು ಮಾಡಿ.

ಬಹುತೇಕ ವಿಪಿಎನ್ ಆ್ಯಪ್‌ಗಳಲ್ಲಿ ಕಿಲ್ ಸ್ವಿಚ್ ಇರುತ್ತದೆ. ವಿಪಿಎನ್ ಬಿದ್ದರೆ ಇಂಟರ್ನೆಟ್ ನಿಲ್ಲಿಸುತ್ತದೆ. ಆನ್ ಮಾಡಿ. ಆದರೆ ಅದೊಂದನ್ನೇ ನಂಬಬೇಡಿ. ಕಂಪ್ಯೂಟರ್ ಆನ್ ಆದಾಗ ಟೊರೆಂಟ್ ಕ್ಲೈಂಟ್ ಮೊದಲು ಎದ್ದು, ವಿಪಿಎನ್ ಆಮೇಲೆ ಎದ್ದರೆ ನಡುವಿನ ಆ ಇಪ್ಪತ್ತು ಸೆಕೆಂಡಿನಲ್ಲಿ ನಿಮ್ಮ ಮನೆ ಐಪಿ ಹೋಗಬೇಕಾದ ಕಡೆಗೆಲ್ಲ ಹೋಗಿರುತ್ತದೆ. ವಿಪಿಎನ್ ಆ್ಯಪ್ಪೇ ಕ್ರ್ಯಾಶ್ ಆದಾಗ ಕೆಲವು ಕಿಲ್ ಸ್ವಿಚ್‌ಗಳೂ ಅದರ ಜೊತೆಗೇ ಮಲಗುತ್ತವೆ.

ಕಟ್ಟಿಹಾಕುವುದು ಹೀಗೆ. ವಿಪಿಎನ್ ಕನೆಕ್ಟ್ ಮಾಡಿ, ಪ್ರೋಟೋಕಾಲ್ ವೈರ್‌ಗಾರ್ಡ್ ಇರಲಿ. ಕ್ಯೂಬಿಟ್‌ಟೊರೆಂಟ್ ತೆರೆದು ಟೂಲ್ಸ್, ಆಪ್ಶನ್ಸ್, ಅಡ್ವಾನ್ಸ್ಡ್‌ಗೆ ಹೋಗಿ. ಅಲ್ಲಿ 'ನೆಟ್‌ವರ್ಕ್ ಇಂಟರ್‌ಫೇಸ್' ಅನ್ನುವ ಸಾಲಿದೆ, ಎದುರಿಗೆ 'ಎನಿ ಇಂಟರ್‌ಫೇಸ್' ಅಂತ ಇರುತ್ತದೆ. ಅದನ್ನು ಒತ್ತಿದರೆ ವೈಫೈ, ಈಥರ್ನೆಟ್, ಇನ್ನೂ ಒಂದೆರಡು ಹೆಸರು ಬರುತ್ತವೆ. ವಿಪಿಎನ್ ಕಂಪನಿಯ ಹೆಸರೋ ವೈರ್‌ಗಾರ್ಡ್ ಅಂತಲೋ ಇರುವುದನ್ನು ಆರಿಸಿ. ಯಾವುದು ಅಂತ ಗೊತ್ತಾಗದಿದ್ದರೆ ವಿಪಿಎನ್ ಡಿಸ್‌ಕನೆಕ್ಟ್ ಮಾಡಿ ಪಟ್ಟಿ ಮತ್ತೆ ತೆರೆಯಿರಿ. ಬಹುತೇಕ ಕಾಣೆಯಾದದ್ದೇ ನಿಮಗೆ ಬೇಕಾದದ್ದು. ಅಪ್ಲೈ ಒತ್ತಿ, ಕ್ಲೈಂಟ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ.

ಈಗ ಕ್ಲೈಂಟ್‌ಗೆ ಹೊರಹೋಗಲು ಬೇರೆ ದಾರಿ ಇಲ್ಲ. ವಿಪಿಎನ್ ಇಲ್ಲ ಅಂದರೆ ಸುಮ್ನೆ ನಿಂತಿರುತ್ತದೆ.

ಕಟ್ಟಿಹಾಕಿದವರೂ ಎಡವುವ ಜಾಗ ಒಂದಿದೆ. ಮುಂದೆ ಯಾವತ್ತೋ ಪ್ರೋಟೋಕಾಲ್ ಬದಲಿಸಿದಾಗ ಇಂಟರ್‌ಫೇಸ್‌ನ ಹೆಸರೂ ಬದಲಾಗಬಹುದು. ವೇಗ ಸೊನ್ನೆ ಆಗುತ್ತದೆ. "ಕೆಟ್ಟುಹೋಯ್ತು" ಅಂತ 'ಎನಿ ಇಂಟರ್‌ಫೇಸ್'ಗೆ ವಾಪಸ್ ಹಾಕುತ್ತಾರೆ. ಓಡಲು ಶುರುವಾಗುತ್ತದೆ, ಖುಷಿಯೂ ಆಗುತ್ತದೆ. ಓಡುತ್ತಿರುವುದು ಮನೆ ಐಪಿಯ ಮೇಲೆ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಸೊನ್ನೆ ಕಂಡಾಗ ಹೊಸ ಹೆಸರು ಹುಡುಕಿ ಆರಿಸಿ, ಹಳೇ ಜಾಗಕ್ಕೆ ಮರಳಬೇಡಿ.

ಅಲ್ಲೇ ಕನೆಕ್ಷನ್ ಪುಟದಲ್ಲಿ ರೂಟರ್‌ನಿಂದ ಪೋರ್ಟ್ ತೆರೆಸುವ ಯುಪಿಎನ್‌ಪಿ ಟಿಕ್ ತೆಗೆಯಿರಿ. ವಿಪಿಎನ್ ಆ್ಯಪ್‌ನಲ್ಲಿ ಸ್ಪ್ಲಿಟ್ ಟನೆಲಿಂಗ್ (ಕೆಲವು ಆ್ಯಪ್‌ಗಳನ್ನು ವಿಪಿಎನ್ ಹೊರಗೆ ಬಿಡುವುದು) ಆಫ್ ಇರಲಿ. ಬಿಟ್‌ಟೊರೆಂಟ್ ಪುಟದ 'ಎನ್‌ಕ್ರಿಪ್ಶನ್', 'ಅನಾನಿಮಸ್ ಮೋಡ್' ಇವೆರಡರಲ್ಲಿ ಯಾವುದೂ ಐಪಿ ಮುಚ್ಚುವುದಿಲ್ಲ, ಹೆಸರು ನೋಡಿ ಮೋಸ ಹೋಗಬೇಡಿ. ಕೆಲವು ಕಂಪನಿಗಳು ಕೊಡುವ ಸಾಕ್ಸ್5 ಪ್ರಾಕ್ಸಿಯೂ ವಿಪಿಎನ್ ಅಲ್ಲ, ಅದರಲ್ಲಿ ಎನ್‌ಕ್ರಿಪ್ಶನ್ ಇರುವುದಿಲ್ಲ.

ಆಂಡ್ರಾಯ್ಡ್ ಫೋನಿನಲ್ಲಿ ಮಾಡುವವರು ಸೆಟ್ಟಿಂಗ್ಸ್‌ನ ವಿಪಿಎನ್ ಪುಟದಲ್ಲಿ 'ಆಲ್ವೇಸ್-ಆನ್' ಮತ್ತು 'ವಿಪಿಎನ್ ಇಲ್ಲದ ಸಂಪರ್ಕ ತಡೆ' ಎರಡನ್ನೂ ಆನ್ ಮಾಡಿ. ಬ್ಯಾಟರಿ ಉಳಿಸುವ ಪಟ್ಟಿಯಿಂದ ವಿಪಿಎನ್ ಆ್ಯಪ್ ಅನ್ನು ಹೊರಗಿಡಿ, ಇಲ್ಲದಿದ್ದರೆ ಪರದೆ ಆರಿದಾಗ ಫೋನೇ ಅದನ್ನು ಕೊಲ್ಲುತ್ತದೆ.

## 8. ಸೋರಿಕೆ ಪರೀಕ್ಷೆ

ಬ್ರೌಸರ್ ಪರೀಕ್ಷೆ. ವಿಪಿಎನ್ ಆನ್ ಮಾಡಿ ಐಪಿಲೀಕ್ ತೆರೆಯಿರಿ. ಚೀಟಿಯಲ್ಲಿ ಬರೆದ ಐಪಿವಿ4, ಐಪಿವಿ6 ಎರಡೂ ಕಾಣಬಾರದು. ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್) ಪಟ್ಟಿಯಲ್ಲಿ ನಿಮ್ಮ ಇಂಟರ್ನೆಟ್ ಕಂಪನಿಯ ಹೆಸರು ಇರಬಾರದು. ಐಪಿವಿ6 ಕಂಡರೆ ವಿಪಿಎನ್ ಆ್ಯಪ್‌ನಲ್ಲಿ ಐಪಿವಿ6 ಸೋರಿಕೆ ತಡೆ ಇದೆಯಾ ನೋಡಿ. ಇಲ್ಲದಿದ್ದರೆ ಕಂಪ್ಯೂಟರ್‌ನ ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ಐಪಿವಿ6 ಟಿಕ್ ತೆಗೆಯಿರಿ.

ಟೊರೆಂಟ್ ಪರೀಕ್ಷೆ. ಜನ ಬ್ರೌಸರ್ ಪರೀಕ್ಷೆಗೇ ನಿಲ್ಲಿಸುತ್ತಾರೆ, ಅದು ಸಾಲದು. ಅದೇ ಪುಟದಲ್ಲಿ ಟೊರೆಂಟ್ ವಿಳಾಸ ಪತ್ತೆ ಮಾಡುವ ಭಾಗ ಇದೆ. ಸಕ್ರಿಯ ಮಾಡಿ, ಬಂದ ಮ್ಯಾಗ್ನೆಟ್ ಲಿಂಕನ್ನು (ಟೊರೆಂಟ್ ಶುರುಮಾಡುವ ಲಿಂಕ್) ಕ್ಯೂಬಿಟ್‌ಟೊರೆಂಟ್‌ಗೆ ಹಾಕಿ, ಒಂದೆರಡು ನಿಮಿಷ ಕಾಯಿರಿ. ಕ್ಲೈಂಟ್ ಯಾವ ಐಪಿಯಿಂದ ಬಂತು ಅಂತ ಪುಟವೇ ತೋರಿಸುತ್ತದೆ. ಅದು ವಿಪಿಎನ್‌ನದ್ದೇ ಆಗಿರಬೇಕು.

ಕೊಂದು ನೋಡುವ ಪರೀಕ್ಷೆ. ಡೆಬಿಯನ್ ಟೊರೆಂಟ್ ಓಡುತ್ತಿರಲಿ. ಟಾಸ್ಕ್ ಮ್ಯಾನೇಜರ್ ತೆರೆದು ವಿಪಿಎನ್ ಆ್ಯಪ್ ಅನ್ನು ಬಲವಂತವಾಗಿ ಮುಚ್ಚಿ. ಆ್ಯಪ್ ಮುಚ್ಚಿದರೂ ಸುರಂಗ ಹಿನ್ನೆಲೆಯಲ್ಲಿ ಉಳಿಯಬಹುದು, ಆಗ ಆ್ಯಪ್ ತೆರೆದು ಡಿಸ್‌ಕನೆಕ್ಟ್ ಒತ್ತಿ. ವೇಗ ಕೆಲವೇ ಸೆಕೆಂಡಿನಲ್ಲಿ ಸೊನ್ನೆಗೆ ಬಿದ್ದು ಅಲ್ಲೇ ಇರಬೇಕು. ಒಂದು ಕ್ಷಣ ಬಿದ್ದು ಮತ್ತೆ ಏರಿದರೆ ಕಟ್ಟಿದ್ದು ಸರಿಯಾಗಿಲ್ಲ, ಹಂತ 7ಕ್ಕೆ ವಾಪಸ್. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ವಿಪಿಎನ್ ಆನ್ ಮಾಡದೆ ಕ್ಲೈಂಟ್ ತೆರೆದೂ ನೋಡಿ.

## 9. ವೇಗ, ಪೋರ್ಟ್, ಅಪ್‌ಲೋಡ್

ಸೋರಿಕೆ ಇಲ್ಲ ಅಂತ ಖಾತ್ರಿ ಆದ ಮೇಲೆಯೇ ವೇಗದ ಮಾತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲಿಂದಾದರೂ ಮೊದಲು ಸಿಂಗಪುರ ಪ್ರಯತ್ನಿಸಿ, ಯೂರೋಪ್ ಆಮೇಲೆ. ಪರೀಕ್ಷೆಯನ್ನು ರಾತ್ರಿ 9ರಿಂದ 11ರ ನಡುವೆ ಒಮ್ಮೆ, ಬೆಳಗ್ಗೆ ಒಮ್ಮೆ ಮಾಡಿ. ಮಧ್ಯಾಹ್ನ ಚೆನ್ನಾಗಿ ಓಡಿ ರಾತ್ರಿ ತೆವಳುವ ಸರ್ವರ್‌ಗಳು ಬೇಕಾದಷ್ಟಿವೆ. ಚೀಟಿಯ ಅಂಕಿಯ ಮುಕ್ಕಾಲು ಭಾಗ ಬಂದರೆ ನನ್ನ ಲೆಕ್ಕದಲ್ಲಿ ಪಾಸು.

ಪೋರ್ಟ್ ತೆಗೆದುಕೊಂಡವರು ವಿಪಿಎನ್ ಆ್ಯಪ್ ತೋರಿಸುವ ಸಂಖ್ಯೆಯನ್ನು ಕ್ಯೂಬಿಟ್‌ಟೊರೆಂಟ್‌ನ ಕನೆಕ್ಷನ್ ಪುಟದಲ್ಲಿ ಒಳಬರುವ ಪೋರ್ಟ್ ಜಾಗಕ್ಕೆ ಹಾಕಿ. ಕಿಟಕಿಯ ಕೆಳಸಾಲಿನ ಸಣ್ಣ ಚಿಹ್ನೆ ನೋಡಿ. ಹಸಿರು ಅಂದರೆ ಬಾಗಿಲು ತೆರೆದಿದೆ. ಹಳದಿ ಬೆಂಕಿ ಅಂದರೆ ಹೊರಗಿನವರು ಬರಲಾಗುತ್ತಿಲ್ಲ. ಕೆಂಪು ಅಂದರೆ ಸಂಪರ್ಕವೇ ಇಲ್ಲ. ಪೀರ್ಸ್ ಪಟ್ಟಿಯ ಫ್ಲ್ಯಾಗ್ಸ್ ಕಾಲಂನಲ್ಲಿ ಇಂಗ್ಲಿಷಿನ ದೊಡ್ಡ 'ಐ' ಅಕ್ಷರ ಕಂಡರೆ ಅವರು ತಾವಾಗಿ ನಿಮ್ಮ ಬಳಿ ಬಂದವರು. ನಿನ್ನೆ ಹಸಿರಿದ್ದದ್ದು ಇವತ್ತು ಹಳದಿ ಆದರೆ ಪೋರ್ಟ್ ಸಂಖ್ಯೆ ಬದಲಾಗಿರುತ್ತದೆ. ಪ್ರೋಟಾನ್‌ನಲ್ಲಿ ಮತ್ತೆ ಕನೆಕ್ಟ್ ಆದಾಗ ಹೀಗಾಗುತ್ತದೆ. ಏರ್‌ವಿಪಿಎನ್‌ನಲ್ಲಿ ಒಮ್ಮೆ ತೆಗೆದುಕೊಂಡ ಸಂಖ್ಯೆ ನಿಮ್ಮದೇ.

ಅಪ್‌ಲೋಡ್ ಮಿತಿಯನ್ನು ಚೀಟಿಯ ಅಪ್‌ಲೋಡ್ ವೇಗದ 80% ಹತ್ತಿರ ಇಡಿ. ಪೂರ್ತಿ ಬಿಟ್ಟರೆ ಮನೆಯಲ್ಲಿ ಉಳಿದವರ ವಿಡಿಯೋ ಕಾಲ್ ತಡವರಿಸುತ್ತದೆ. ಆಮೇಲೆ ವಿಪಿಎನ್‌ಗೆ ಬೈಗುಳ.

## ಈ ಲಕ್ಷಣ ಕಂಡರೆ ರೀಫಂಡ್ ಕೇಳಿ

ಹಂತ 7 ಸರಿಯಾಗಿ ಮಾಡಿಯೂ ಐಪಿವಿ6 ಅಥವಾ ಡಿಎನ್‌ಎಸ್ ಸೋರುತ್ತಿದ್ದರೆ. ದಿನಕ್ಕೆ ಎರಡು ಮೂರು ಸಲ ಸಂಪರ್ಕ ತಾನಾಗಿ ಬೀಳುತ್ತಿದ್ದರೆ. ಬ್ರೌಸರ್‌ನಲ್ಲಿ ಪೂರ್ತಿ ವೇಗ, ಟೊರೆಂಟ್‌ನಲ್ಲಿ ಮಾತ್ರ ಸದಾ ಒಂದೇ ಅಂಕಿಗೆ ಸಿಕ್ಕಿಕೊಂಡಿದ್ದರೆ ಅವರೇ ಕತ್ತು ಹಿಸುಕುತ್ತಿದ್ದಾರೆ. "ಯಾವ ಸರ್ವರ್‌ನಲ್ಲಿ ಪಿ2ಪಿ ಇದೆ?" ಅಂತ ಚಾಟ್‌ನಲ್ಲಿ ಕೇಳಿದ್ದಕ್ಕೆ ನೇರ ಉತ್ತರ ಕೊಡದೆ ದೊಡ್ಡ ಪ್ಲ್ಯಾನಿನ ಆಫರ್ ತೋರಿಸಿದರೆ ಇನ್ನು ಕಾಯಬೇಡಿ.

ರೀಫಂಡನ್ನು ಇಮೇಲ್‌ನಲ್ಲೂ ಕೇಳಿ, ಬರೀ ಚಾಟ್‌ನಲ್ಲಿ ಬೇಡ. ಭಾವಮೈದುನ ಒಂಬತ್ತನೇ ದಿನ ಕೇಳಿದ. ಚಾಟ್‌ನವರು "ಇನ್ನೂ ಮೂರು ತಿಂಗಳು ಉಚಿತ ಕೊಡ್ತೀವಿ, ಇರಿ" ಅಂದರು, ಇವನು ಒಪ್ಪಲಿಲ್ಲ. ಹನ್ನೊಂದು ದಿನಕ್ಕೆ ದುಡ್ಡು ಬಂತು. ಡಾಲರ್ ದರದ ಏರಿಳಿತ, ಬ್ಯಾಂಕಿನ ಶುಲ್ಕ ಕಳೆದು ಕಟ್ಟಿದ್ದಕ್ಕಿಂತ 312 ರೂಪಾಯಿ ಕಮ್ಮಿ. ಈಗ ಒಂದು ತಿಂಗಳ ಪ್ಲ್ಯಾನಿನಲ್ಲಿದ್ದಾನೆ, ಕೆಳಸಾಲಿನ ಚಿಹ್ನೆ ಹಸಿರಾದಾಗ ಸ್ಕ್ರೀನ್‌ಶಾಟ್ ಕಳಿಸಿದ್ದ.